ವಾಲ್ವ್ ಹಾಕಿಸಿಕೊಂಡವರು ಹಲ್ಲುನೋವಿಗೆ ಆಂಟಿಬಯೋಟಿಕ್ ತೆಗೆದುಕೊಳ್ಳಬಹುದೇ?

ಪ್ರಶ್ನೆ: ಅಮ್ಮನಿಗೆ 64 ವರ್ಷ. ಮಂಗಳೂರಿನಲ್ಲಿ ಆಪರೇಷನ್ ಮಾಡಿ ಹೃದಯಕ್ಕೆ ಲೋಹದ ವಾಲ್ವ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್ ಮಾತ್ರೆ ದಿನಾ ಇದೆ. ಈಗ ಹಲ್ಲಿನ ಬುಡದಲ್ಲಿ ಕೀವಾಗಿದೆ. ಊರಿನ ದಂತವೈದ್ಯರು ಅಮಾಕ್ಸಿಸಿಲಿನ್ ಮತ್ತು ಮೆಟ್ರೋನಿಡಜೋಲ್ ಬರೆದಿದ್ದಾರೆ. ಅಷ್ಟು ದಿನ ಅಸಿಟ್ರೋಮ್ ನಿಲ್ಲಿಸಿ ಅಂತ ನೆಂಟರೊಬ್ಬರು ಹೇಳುತ್ತಿದ್ದಾರೆ. ನಿಲ್ಲಿಸಬಹುದೇ?
– ಓದುಗರು, ಬದಿಯಡ್ಕ

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಲೋಹದ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿದರೆ ವಾಲ್ವ್ ಸಿಕ್ಕಿಕೊಳ್ಳಬಹುದು, ಇಲ್ಲವೇ ಆ ಹೆಪ್ಪು ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಹಾಗಂತ ಹಲ್ಲಿನ ಕೀವನ್ನೂ ಬಿಡುವಂತಿಲ್ಲ. ಅದರ ಸೋಂಕು ರಕ್ತಕ್ಕೆ ಸೇರಿ ವಾಲ್ವಿಗೇ ತಗಲುವ ಅಪಾಯವಿದೆ.

ನನಗೆ ಚಿಂತೆ ಇರುವುದು ಮೆಟ್ರೋನಿಡಜೋಲ್ ಬಗ್ಗೆ. ಅಸಿಟ್ರೋಮನ್ನು ಲಿವರ್ ಕರಗಿಸಿ ಹೊರಹಾಕುವ ಕೆಲಸಕ್ಕೆ ಅದು ತಡೆ ಹಾಕುತ್ತದೆ. ಅದೇ ಡೋಸ್ ನುಂಗಿದರೂ ರಕ್ತ ಜಾಸ್ತಿ ತೆಳುವಾಗುತ್ತದೆ. ಕೋಟ್ರೈಮಾಕ್ಸಜೋಲ್, ಫಂಗಸ್‌ಗೆ ಕೊಡುವ ಫ್ಲುಕೋನಜೋಲ್ ಕೂಡ ಹೀಗೆಯೇ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರ ಉಲ್ಟಾ, ಅಸಿಟ್ರೋಮಿನ ಬಲವನ್ನೇ ತಗ್ಗಿಸುತ್ತದೆ. ಅಮಾಕ್ಸಿಸಿಲಿನ್‌ನ ತೊಂದರೆ ಕಡಿಮೆ, ಆದರೂ ಗಮನ ಬೇಕು.

ಮೊದಲ ಮಾತ್ರೆ ನುಂಗುವ ಮುಂಚೆಯೇ ದಂತವೈದ್ಯರಿಗೆ ಅಸಿಟ್ರೋಮ್ ವಿಷಯ ಹೇಳಿ. ಮಂಗಳೂರಿನ ಹೃದಯ ವೈದ್ಯರಿಗೂ ಅವತ್ತೇ ಫೋನ್ ಮಾಡಿ. ಗಡಿಯ ಈಚೆ ಒಬ್ಬರು ಡಾಕ್ಟರ್, ಆಚೆ ಇನ್ನೊಬ್ಬರು. ಒಬ್ಬರು ಬರೆದ ಚೀಟಿ ಇನ್ನೊಬ್ಬರ ಕೈಗೆ ಸಿಗುವುದೇ ಇಲ್ಲ, ಅಲ್ವಾ? ನಮ್ಮ ಕಾಸರಗೋಡಿನ ಕಡೆ ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ. ಐಎನ್‌ಆರ್ ಅಂದರೆ ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ರಕ್ತಪರೀಕ್ಷೆ, ಅಂಕಿ ಏರಿದಷ್ಟೂ ರಕ್ತ ತೆಳು. ಅದನ್ನು ಬರೆದಿಡುವ ಪುಸ್ತಕದ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿ ಇರಲಿ. ಮೆಟ್ರೋನಿಡಜೋಲ್ ಬೇಡವೋ, ಬೇಕಾದರೆ ಅಸಿಟ್ರೋಮ್ ಡೋಸ್ ಎಷ್ಟು ಇಳಿಸಬೇಕೋ, ಅದನ್ನು ಈ ಡಾಕ್ಟರುಗಳೇ ಹೇಳಬೇಕು.

ಆಂಟಿಬಯೋಟಿಕ್ ಶುರುವಾಗಿ 3ರಿಂದ 5 ದಿನದೊಳಗೆ ಐಎನ್‌ಆರ್ ಮಾಡಿಸಿ. ತಿಂಗಳ ಟೆಸ್ಟ್‌ವರೆಗೆ ಕಾಯಬೇಡಿ. ಕೋರ್ಸ್ ಮುಗಿದ ಮೇಲೆ ಒಂದು ವಾರದೊಳಗೆ ಮತ್ತೊಮ್ಮೆ ಮಾಡಿಸಿ. ಈ ಎರಡನೆಯದನ್ನು ತುಂಬಾ ಜನ ಮರೆಯುತ್ತಾರೆ. ಇಳಿಸಿದ ಡೋಸ್ ಹಾಗೆಯೇ ಮುಂದುವರಿದರೆ ಆಗ ಹೆಪ್ಪುಗಟ್ಟುವ ಭಯ.

ಊಟದ ವಿಷಯವೂ ಇದೆ. ನೋವಿಗೆ ಅಮ್ಮ ಬರೀ ಗಂಜಿಯಲ್ಲಿ ದಿನ ದೂಡಿದರೆ ಬಸಳೆ, ನುಗ್ಗೆಸೊಪ್ಪಿನಿಂದ ಸಿಗುವ ವಿಟಮಿನ್ ಕೆ ತಪ್ಪುತ್ತದೆ. ಅದರಿಂದಲೂ ಐಎನ್‌ಆರ್ ಏರುತ್ತದೆ. ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡವೇ ಬೇಡ. ಡಾಕ್ಟರ್ ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಸಾಕು.

ಹಲ್ಲು ಕೀಳಬೇಕಾಗಿ ಬಂದರೂ ಐಎನ್‌ಆರ್ ಹಿಡಿತದಲ್ಲಿದ್ದರೆ ಸಾಮಾನ್ಯವಾಗಿ ಅಸಿಟ್ರೋಮ್ ನಿಲ್ಲಿಸದೆಯೇ ಕೀಳುತ್ತಾರೆ. ವಾಲ್ವ್ ಇರುವವರಿಗೆ ಕೀಳುವ ಮುಂಚೆ ರಕ್ಷಣೆಗಾಗಿ ಆಂಟಿಬಯೋಟಿಕ್ ಕೊಡುವ ಕ್ರಮವಿದೆ, ಅದನ್ನೂ ಕೇಳಿ.

ಮಲ ಕಪ್ಪಾದರೆ, ಮೂತ್ರ ಕೆಂಪಾದರೆ, ವಸಡು ಅಥವಾ ಮೂಗಿನ ರಕ್ತ ನಿಲ್ಲದಿದ್ದರೆ, ಜೋರು ತಲೆನೋವು ಬಂದರೆ ಫೋನ್ ಮಾಡುತ್ತಾ ಕೂರಬೇಡಿ. ಹತ್ತಿರ ಯಾವ ಆಸ್ಪತ್ರೆ ಇದೆಯೋ ಅಲ್ಲಿಗೆ ಹೊರಡಿ, ಅಸಿಟ್ರೋಮ್ ಚೀಟಿ ಜೊತೆಗಿರಲಿ.