ವಾರ್ಮ್‌ಮೀಟೆ ಕಟ್ಟಿದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ

ಅಕ್ಟೋಬರ್‌ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬರುತ್ತಿದ್ದೀರಿ. ನೋಡಿಟ್ಟ ಮನೆಗೆ ಕಾಲ್ಟ್‌ಮೀಟೆ, ಅಂದರೆ ಬರೀ ಬಾಡಿಗೆ, 900 ಯೂರೊ; ವಾರ್ಮ್‌ಮೀಟೆ, ಅಂದರೆ ಹೀಟಿಂಗ್ ಮತ್ತಿತರ ಖರ್ಚೂ ಸೇರಿದ ಮೊತ್ತ, 1,120 ಯೂರೊ. ವಾರ್ಮ್ ಅಂದರೆ ಹೀಟಿಂಗ್ ಸೇರಿಯೇ ಅಲ್ಲವೇ, ಆಮೇಲೂ ದುಡ್ಡು ಕೇಳುತ್ತಾರಾ, ನಡುಚಳಿಗಾಲದಲ್ಲಿ ಹೀಟಿಂಗ್ ಕೆಟ್ಟರೆ ಬಾಡಿಗೆ ನಿಲ್ಲಿಸಬಹುದಾ ಎಂದು ಕೇಳಿದ್ದೀರಿ. ಹೌದು, ಆಮೇಲೂ ಕೇಳುತ್ತಾರೆ. ಬಾಡಿಗೆ ಪೂರ್ತಿ ನಿಲ್ಲಿಸುವ ಯೋಚನೆ ಮಾತ್ರ ಬಿಡಿ. ಅದಕ್ಕೆ ಬೇರೆ ದಾರಿ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಕಾಲ್ಟ್‌ಗೂ ವಾರ್ಮ್‌ಗೂ ನಡುವಿನ ಆ 220 ಯೂರೊ ಬಾಡಿಗೆಯಲ್ಲ, ಬರೀ ಮುಂಗಡ. ಕರಾರುಪತ್ರದಲ್ಲಿ ‘ಫೋರಾವುಸ್‌ತ್ಸಾಲುಂಗ್’ ಎಂದಿದ್ದರೆ ವರ್ಷಕ್ಕೊಮ್ಮೆ ನಿಜವಾದ ಖರ್ಚಿನ ಜೊತೆ ತಾಳೆ ಹಾಕುತ್ತಾರೆ. ಹೆಚ್ಚು ಕಟ್ಟಿದ್ದರೆ ವಾಪಸ್, ಕಡಿಮೆಯಾಗಿದ್ದರೆ ‘ನಾಖ್‌ತ್ಸಾಲುಂಗ್’, ಅಂದರೆ ಬಾಕಿ. ‘ಪೌಶಾಲೆ’ ಎಂದಿದ್ದರೆ ಅದು ಕಟ್ಟುಮೊತ್ತ, ತಾಳೆ ಇಲ್ಲ. ಆದರೆ ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್ ಇರುವ ಮನೆಗಳಲ್ಲಿ ಹೀಟಿಂಗನ್ನು ಪೌಶಾಲೆಗೆ ಸೇರಿಸುವಂತಿಲ್ಲ. ಎರಡೇ ಮನೆಗಳಿದ್ದು ಒಂದರಲ್ಲಿ ಮಾಲೀಕರೇ ಇದ್ದರೆ ಅದಕ್ಕೆ ವಿನಾಯಿತಿ ಉಂಟು. ಇನ್ನೊಂದು ಮಾತು: ಹೊಸಬರು ಬಹಳ ನಂಬಿಕೊಂಡಿರುವ ‘ಮೀಟ್‌ಪ್ರೈಸ್‌ಬ್ರೆಮ್ಸೆ’ ಎಂಬ ಬಾಡಿಗೆ ಮಿತಿ ಕಾಲ್ಟ್‌ಮೀಟೆಗೆ ಮಾತ್ರ ಅನ್ವಯಿಸುತ್ತದೆ. ಹೀಟಿಂಗ್ ಖರ್ಚಿಗೆ ಕಾನೂನೇ ಬೇರೆ.

ಅಕ್ಟೋಬರ್‌ನಲ್ಲಿ ಮನೆ ಹಿಡಿಯುವವರಿಗೆ ಮೊದಲ ಬಿಲ್ ಯಾಕೆ ಕುಟುಕುತ್ತದೆ ಎಂದು ಗೊತ್ತಿರಲಿ. ಮುಂಗಡ ಪ್ರತಿ ತಿಂಗಳೂ ಒಂದೇ, ಶಾಖದ ಖರ್ಚು ಹಾಗಲ್ಲ. ವರ್ಷದ ನಡುವೆ ಬಾಡಿಗೆದಾರರು ಬದಲಾದಾಗ ಬಳಸುವ ಪಟ್ಟಿಯಲ್ಲಿ ಇಡೀ ವರ್ಷದ ಶಾಖವನ್ನು 1,000 ಭಾಗ ಮಾಡಿರುತ್ತಾರೆ: ಜನವರಿಗೆ 170, ಫೆಬ್ರವರಿಗೆ 150, ಮಾರ್ಚ್‌ಗೆ 130, ಅಕ್ಟೋಬರ್‌ಗೆ 80, ನವೆಂಬರ್‌ಗೆ 120, ಡಿಸೆಂಬರ್‌ಗೆ 160. ಜೂನ್, ಜುಲೈ, ಆಗಸ್ಟ್ ಮೂರೂ ಸೇರಿ ಬರೀ 40. ನಿಮ್ಮ 220ರಲ್ಲಿ ಹೀಟಿಂಗ್ ಪಾಲು 120 ಯೂರೊ, ವರ್ಷದ ಖರ್ಚು ಸರಿಯಾಗಿ 1,440 ಎಂದಿಟ್ಟುಕೊಳ್ಳಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನೀವು ಕಟ್ಟುವುದು 360. ಪಟ್ಟಿಯ ಪ್ರಕಾರ ಆ ಮೂರು ತಿಂಗಳ ಪಾಲು 36 ಶೇಕಡಾ, ಸುಮಾರು 518. ಯಾರೂ ಮೋಸ ಮಾಡದಿದ್ದರೂ 158 ಯೂರೊ ಕಡಿಮೆ ಬೀಳುತ್ತದೆ. ಅಷ್ಟನ್ನು ಮೊದಲೇ ಎತ್ತಿಡಿ.

ಕೀಲಿ ಕೈಗೆ ಬರುವ ದಿನದ ಕೆಲಸ ಒಂದಿದೆ. ಪ್ರತಿ ರೇಡಿಯೇಟರ್ ಮೇಲೆ ಶಾಖದ ಬಳಕೆ ಎಣಿಸುವ ಬೆರಳುದ್ದದ ಬಿಳಿ ಡಬ್ಬಿ ಕೂತಿರುತ್ತದೆ. ಅನೇಕ ಮಾದರಿಗಳ ಕಿರುಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತವೆ: ಈಗಿನ ಎಣಿಕೆ, ಹೋದ ವರ್ಷದ ಕೊನೆಯ ಎಣಿಕೆ, ಹೀಗೆ. ಪ್ರತಿಯೊಂದರದ್ದೂ ಫೋಟೊ ತೆಗೆದು, ಡಬ್ಬಿಯ ನಂಬರ್ ಸಮೇತ ‘ಯೂಬರ್‌ಗಾಬೆ ಪ್ರೊಟೊಕೋಲ್’ ಎಂಬ ಹಸ್ತಾಂತರ ಪತ್ರದಲ್ಲಿ ಬರೆಸಿ. ಇಲ್ಲದಿದ್ದರೆ ಹಿಂದಿನವರ ಬಳಕೆ ನಿಮ್ಮ ತಲೆಗೆ ಬಂದರೂ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಈ ಡಬ್ಬಿ ಅಳೆಯುವುದು ಕಿಲೊವ್ಯಾಟ್-ಗಂಟೆ ಅಲ್ಲ, ಬರೀ ಎಣಿಕೆಯ ಯೂನಿಟ್. ರೇಡಿಯೇಟರ್ ಗಾತ್ರಕ್ಕೆ ತಕ್ಕ ಅಂಕಿಯಿಂದ ಗುಣಿಸಿ ಪಾಲು ತೆಗೆಯುತ್ತಾರೆ. ರೇಡಿಯೇಟರ್ ಮೇಲೆ ದಪ್ಪ ಪರದೆ ಇಳಿಬಿಟ್ಟರೆ ಅಥವಾ ಸೋಫಾ ಒತ್ತಿಟ್ಟರೆ ಬಿಸಿ ಅಲ್ಲೇ ಕಟ್ಟಿಕೊಂಡು ಎಣಿಕೆ ಓಡುತ್ತದೆ, ಕೋಣೆ ಮಾತ್ರ ತಣ್ಣಗೇ ಇರುತ್ತದೆ. ತಿರುಗುಗುಂಡಿಯ 3 ಎಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುವುದಿಲ್ಲ, 28 ಡಿಗ್ರಿಯ ತನಕ ಉರಿಯುತ್ತಲೇ ಇರುತ್ತದೆ, ಅಷ್ಟೆ. ಕಿಟಕಿಯನ್ನು ದಿನವಿಡೀ ಓರೆಯಾಗಿ ತೆರೆದಿಡಬೇಡಿ. ದಿನಕ್ಕೆ ಎರಡು ಮೂರು ಸಲ, ಗುಂಡಿ ಇಳಿಸಿ, ಐದರಿಂದ ಹತ್ತು ನಿಮಿಷ ಪೂರ್ತಿ ತೆರೆಯಿರಿ. ಗೋಡೆಗೆ ಬೂಸ್ಟು ಹಿಡಿದಾಗ ಗಾಳಿಯಾಡಿಸಿದ್ದಿರಾ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ.

ಬಿಲ್ ಬಂದ ಮೇಲೆ ತಾರೀಕು ನೋಡಿ. ಲೆಕ್ಕದ ವರ್ಷ ಮುಗಿದ 12 ತಿಂಗಳೊಳಗೆ ಅದು ನಿಮ್ಮ ಕೈಸೇರಬೇಕು. 2025ರ ಬಿಲ್ಲಿಗೆ ಕಡೇ ದಿನ 2026ರ ಡಿಸೆಂಬರ್ 31. ತಡವಾಗಿದ್ದು ತಪ್ಪು ಮಾಲೀಕರದೇ ಆದರೆ ಬಾಕಿ ಕೇಳುವಂತಿಲ್ಲ, ನಿಮಗೆ ಬರಬೇಕಾದ್ದನ್ನು ಮಾತ್ರ ಕೊಡಲೇಬೇಕು. ತಕರಾರಿಗೆ ನಿಮಗೂ 12 ತಿಂಗಳಿದೆ. ಹೀಟಿಂಗ್ ಖರ್ಚಿನ 50ರಿಂದ 70 ಶೇಕಡಾ ನಿಮ್ಮ ಬಳಕೆಯ ಮೇಲೆ, ಉಳಿದದ್ದು ಮನೆಯ ಅಳತೆಯ ಮೇಲೆ ಹಂಚಿರಬೇಕು. ಮೀಟರ್ ಲೆಕ್ಕವೇ ಇಲ್ಲದೆ ಪೂರ್ತಿ ಚದರ ಮೀಟರ್ ಮೇಲೆ ಹಂಚಿದ್ದರೆ ನಿಮ್ಮ ಪಾಲಿನಲ್ಲಿ 15 ಶೇಕಡಾ ಕಡಿದುಕೊಳ್ಳುವ ಹಕ್ಕಿದೆ. ಅಳತೆಯನ್ನೂ ಟೇಪ್ ಹಿಡಿದು ನೋಡಿ: ಕರಾರಿನಲ್ಲಿ ಏನೇ ಬರೆದಿರಲಿ, ಹಂಚಿಕೆಗೆ ನಿಜವಾದ ಅಳತೆಯೇ ಲೆಕ್ಕ ಎಂದು 2018ರಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಬೆ-ಗೆ-ಹಾ (BGH) ಹೇಳಿದೆ.

ನಂತರ ಸಾಲುಸಾಲಾಗಿ ಓದಿ. ಬಾಯ್ಲರ್ ಸರ್ವಿಸಿಂಗ್, ‘ವಾರ್ಟುಂಗ್’, ನಿಮ್ಮ ಖಾತೆಗೆ ಬರಬಹುದು. ‘ರೆಪರಾಟೂರ್’, ಅಂದರೆ ರಿಪೇರಿ, ಬರುವಂತಿಲ್ಲ. ‘ಫೆರ್ವಾಲ್ಟುಂಗ್’ ಎಂಬ ಆಡಳಿತ ವೆಚ್ಚವೂ ಮಾಲೀಕರದೇ. ಲಿಫ್ಟಿನ ಸಾಲಿನಲ್ಲಿ ‘ಫೋಲ್‌ವಾರ್ಟುಂಗ್’ ಎಂದು ಕಂಡರೆ ರಿಪೇರಿಯೂ ಒಳಗೆ ಸೇರಿದೆ ಎಂದರ್ಥ, ಆ ಭಾಗ ಕಳೆಯಲು ಹೇಳಿ. ಕೇಬಲ್ ಟಿವಿ ಶುಲ್ಕವನ್ನು 2024ರ ಜುಲೈ 1ರಿಂದ ಈ ಬಿಲ್ಲಿಗೆ ಸೇರಿಸುವಂತಿಲ್ಲ. ಅನುಮಾನ ಬಂದರೆ ‘ಬೆಲೇಗ್‌ಐನ್‌ಸಿಖ್ಟ್’ ಕೇಳಿ. ಮೂಲ ರಸೀದಿ ನೋಡುವುದು ನಿಮ್ಮ ಹಕ್ಕು, ಉಪಕಾರವಲ್ಲ.

ಗ್ಯಾಸ್ ಅಥವಾ ಆಯಿಲ್‌ನಲ್ಲಿ ನಡೆಯುವ ಹೀಟಿಂಗ್ ಆದರೆ ಕಾರ್ಬನ್ ಡೈಆಕ್ಸೈಡ್ ಶುಲ್ಕವೂ ಇರುತ್ತದೆ. 2023ರಿಂದ ಅದನ್ನು ಮಾಲೀಕರೂ ಹೊರಬೇಕು. ಚದರ ಮೀಟರಿಗೆ ವರ್ಷಕ್ಕೆ 12 ಕೆಜಿಗಿಂತ ಕಡಿಮೆ ಉಗುಳುವ ಕಟ್ಟಡದಲ್ಲಿ ಅವರ ಪಾಲು ಸೊನ್ನೆ, 52 ಕೆಜಿ ಮುಟ್ಟಿದರೆ 95 ಶೇಕಡಾ. ಹಂಚಿಕೆಯನ್ನು ಬಿಲ್ಲಿನಲ್ಲಿ ತೋರಿಸದಿದ್ದರೆ ಹೀಟಿಂಗ್ ಪಾಲಿನಲ್ಲಿ 3 ಶೇಕಡಾ ಕಡಿಯಬಹುದು. ಮನೆಯೊಳಗೇ ಪುಟ್ಟ ಗ್ಯಾಸ್ ಬಾಯ್ಲರ್ ಇದ್ದು ಗ್ಯಾಸ್ ಕಂಪನಿಗೆ ನೀವೇ ಕಟ್ಟುತ್ತಿದ್ದರೆ ಎಚ್ಚರ: ಕಂಪನಿಯ ಬಿಲ್ ಬಂದ 6 ತಿಂಗಳೊಳಗೆ ಮಾಲೀಕರ ಪಾಲನ್ನು ನೀವೇ ಲೆಕ್ಕಹಾಕಿ ಬರೆದು ಕೇಳಬೇಕು. ಮರೆತರೆ ಹೋಯಿತು.

ಇನ್ನು ಹೀಟಿಂಗ್ ಕೆಟ್ಟಾಗ. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಹಗಲು 20ರಿಂದ 22 ಡಿಗ್ರಿ, ರಾತ್ರಿ 18 ಡಿಗ್ರಿ ಸಿಗಬೇಕೆಂಬುದು ನ್ಯಾಯಾಲಯಗಳ ರೂಢಿ. ಬಿಸಿನೀರು ವರ್ಷವಿಡೀ ಬರಬೇಕು. ಕೆಟ್ಟ ದಿನವೇ ‘ಹೌಸ್‌ಫೆರ್ವಾಲ್ಟುಂಗ್’ಗೆ, ಅಂದರೆ ಕಟ್ಟಡ ನೋಡಿಕೊಳ್ಳುವ ಕಚೇರಿಗೆ, ಫೋನ್ ಮಾಡಿ, ತಕ್ಷಣ ಇಮೇಲ್ ಕೂಡ ಹಾಕಿ. ತಿಳಿಸದೆ ಕಳೆದ ದಿನಗಳಿಗೆ ಬಾಡಿಗೆ ಕಡಿತ ಸಿಗುವುದಿಲ್ಲ. ಕೋಣೆಯ ನಡುವೆ, ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಥರ್ಮಾಮೀಟರ್ ಇಟ್ಟು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬರೆದಿಡಿ. ಕಡಿತ ಲೆಕ್ಕಹಾಕುವುದು ವಾರ್ಮ್‌ಮೀಟೆಯ ಮೇಲೆ: 1,120ಕ್ಕೆ ದಿನಕ್ಕೆ 37.33 ಯೂರೊ, ಆರು ದಿನಕ್ಕೆ ಅರ್ಧ ಕಡಿತ ಎಂದರೆ 112. ಕಡುಚಳಿಯಲ್ಲಿ ಹೀಟಿಂಗ್ ಪೂರ್ತಿ ನಿಂತಾಗ ನೂರು ಶೇಕಡಾ ಒಪ್ಪಿದ ತೀರ್ಪುಗಳೂ ಇವೆ. ಆದರೆ ಆ ಶೇಕಡಾ ನೀವೇ ಊಹಿಸಿ ಹಿಡಿದುಕೊಳ್ಳುವುದು ಅಪಾಯ. ಬಾಕಿ ಎರಡು ತಿಂಗಳ ಬಾಡಿಗೆಯಷ್ಟಾದರೆ ನೋಟಿಸ್ ಅವಧಿಯೂ ಇಲ್ಲದೆ ಮನೆ ಬಿಡಿಸಬಹುದು. ಅದರ ಬದಲು ಪೂರ್ತಿ ಕಟ್ಟಿ, ‘ಉಂಟರ್ ಫೋರ್‌ಬೆಹಾಲ್ಟ್’, ಅಂದರೆ ಹಕ್ಕು ಕಾಯ್ದಿರಿಸಿ ಕಟ್ಟುತ್ತಿದ್ದೇನೆ ಎಂದು ಬರೆದು ತಿಳಿಸಿ. ಹೆಚ್ಚಾಗಿ ಹೋದದ್ದನ್ನು ಆಮೇಲೆ ವಾಪಸ್ ಕೇಳಬಹುದು. ಶೇಕಡಾ ಎಷ್ಟು ಎಂದು ಹೇಳುವುದು ಊರಿನ ‘ಮೀಟರ್‌ಫೆರೈನ್’, ಬಾಡಿಗೆದಾರರ ಸಂಘ. ವಾರ್ಷಿಕ ಚಂದಾ ಕಟ್ಟಿ ಸದಸ್ಯರಾದರೆ ವಕೀಲರೇ ನಿಮ್ಮ ಬಿಲ್ ಓದಿ ಪತ್ರ ಬರೆದುಕೊಡುತ್ತಾರೆ. ಥರ್ಮಾಮೀಟರ್ ಟಿಪ್ಪಣಿ, ಇಮೇಲ್ ಪ್ರತಿ, ಕರಾರುಪತ್ರ ಮೂರನ್ನೂ ಜೊತೆಗೆ ಒಯ್ಯಿರಿ.