ಬಂದರಿನ ಮಕ್ಕಳ ಹುಳುಕು ಹಲ್ಲು

ಪ್ರಶ್ನೆ: ನಾನು ಕಾರವಾರದ ಬಂದರಿನ ಸಮೀಪದ ಸರ್ಕಾರಿ ಶಾಲೆಯೊಂದರ ಶಿಕ್ಷಕಿ. ಬೋಟಿನ ಕೆಲಸಕ್ಕೂ ಕಟ್ಟಡದ ಕೆಲಸಕ್ಕೂ ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದವರ ಮಕ್ಕಳು ನಮ್ಮಲ್ಲಿದ್ದಾರೆ. ಒಂದನೇ ತರಗತಿಯ ಹುಡುಗನೊಬ್ಬನ ಮುಂದಿನ ಹಲ್ಲುಗಳು ಕಪ್ಪಾಗಿ ವಸಡಿನ ಮಟ್ಟಕ್ಕೆ ಬಂದಿವೆ. ಬಿಸಿಯೂಟವನ್ನು ಒಂದೇ ಬದಿಯಲ್ಲಿ ಅಗಿಯುತ್ತಾನೆ. ಹಾಲುಹಲ್ಲು ಹೇಗೂ ಬೀಳುತ್ತದೆ ಎಂಬುದು ತಾಯಿಯ ಮಾತು. ನೋವು ಬಂದಾಗ ಮನೆಯವರು ತಾವು ತಿಕ್ಕುವ ಗುಡಾಕುವನ್ನೇ ಅವನ ವಸಡಿಗೂ ಹಚ್ಚುತ್ತಾರಂತೆ. ನಾವೇನು ಮಾಡಬಹುದು?
– ಶಿಕ್ಷಕಿ, ಕಾರವಾರ

ಉತ್ತರ: ಅಕ್ಕೋರೇ, ಮೊದಲು ಗುಡಾಕು ನಿಲ್ಲಬೇಕು. ಅದು ತಂಬಾಕಿಗೆ ಕಾಕಂಬಿ ಬೆರೆಸಿದ ಪೇಸ್ಟ್. ವಸಡಿನ ಮೂಲಕ ನಿಕೋಟಿನ್ ನೇರವಾಗಿ ರಕ್ತಕ್ಕೆ ಸೇರುವುದರಿಂದ ನೋವು ಮರೆತಂತಾಗುತ್ತದೆಯೇ ಹೊರತು ಹುಳುಕು ಒಳಗೊಳಗೇ ಮುಂದುವರಿಯುತ್ತದೆ, ಮಗುವಿಗೆ ಚಟವೂ ಅಂಟುತ್ತದೆ. ಹಲ್ಲುಪುಡಿ, ಪೇಸ್ಟ್‌ಗಳಲ್ಲಿ ತಂಬಾಕು ಬಳಸುವುದನ್ನು ನಮ್ಮ ದೇಶದಲ್ಲಿ 1992ರಲ್ಲೇ ನಿಷೇಧಿಸಲಾಗಿದೆ. ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯನ್ನು ತಿಕ್ಕುವ ಅಜ್ಜಿಯರು ನಮ್ಮ ಕರಾವಳಿಯ ಮನೆಗಳಲ್ಲೂ ಇದ್ದಾರಾದ್ದರಿಂದ, ಈ ವಿಷಯದಲ್ಲಿ ಹೊರಗಿನಿಂದ ಬಂದವರನ್ನು ಆಡಿಕೊಳ್ಳುವ ಹಕ್ಕು ನಮಗಿಲ್ಲ.

ತಾಯಿಯ ಮಾತು ಅರ್ಧ ಸರಿ. ಮುಂದಿನ ಹಾಲುಹಲ್ಲುಗಳು ಆರು-ಏಳನೇ ವಯಸ್ಸಿನಿಂದ ಬೀಳತೊಡಗುತ್ತವೆ. ಆದರೆ ಹಿಂದಿನ ದವಡೆಯ ಹಾಲುಹಲ್ಲುಗಳು ಹತ್ತು-ಹನ್ನೆರಡು ವರ್ಷದವರೆಗೂ ಇರಬೇಕಾದವು. ಹುಡುಗ ಒಂದೇ ಬದಿಯಲ್ಲಿ ಅಗಿಯುತ್ತಾನೆಂದರೆ ಇನ್ನೊಂದು ಬದಿಯ ದವಡೆಹಲ್ಲು ನೋಯುತ್ತಿರುವ ಸಾಧ್ಯತೆಯೇ ಹೆಚ್ಚು, ಎಲ್ಲರ ಕಣ್ಣು ಹೋಗುವ ಮುಂದಿನ ಕಪ್ಪು ಹಲ್ಲಿಗಿಂತ ತುರ್ತಾದದ್ದು ಅದು. ಬಾಯಿ ತೆರೆಸಿ, ನಡುವಿನಿಂದ ಒಂದು ಬದಿಗೆ ಎಣಿಸುತ್ತ ಹೋಗಿ. ಐದು ಹಾಲುಹಲ್ಲುಗಳ ಹಿಂದೆ ಆರನೆಯದೊಂದು ಅಗಲವಾದ ಹಲ್ಲು ಕಂಡರೆ ಅದು ಶಾಶ್ವತ ಹಲ್ಲು. ಆರನೇ ವಯಸ್ಸಿನ ಆಸುಪಾಸಿನಲ್ಲಿ ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಹುಟ್ಟುವುದರಿಂದ ತಂದೆತಾಯಿ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಅದು ಹೋದರೆ ಮತ್ತೆ ಬರುವುದಿಲ್ಲವೆಂದು ತಾಯಿಗೆ ಬೆರಳಿಟ್ಟು ತೋರಿಸಿ.

ಇಂಥ ಮಕ್ಕಳ ಚಿಕಿತ್ಸೆಯಲ್ಲಿ ನಾವು ವೈದ್ಯರು ಎಡವುವುದು ಒಂದು ಕಡೆ: ಮುಂದಿನ ವಾರ ಬನ್ನಿ, ಅದರ ಮುಂದಿನ ವಾರ ಬನ್ನಿ ಎನ್ನುತ್ತೇವೆ. ದಿನಗೂಲಿ ಬಿಟ್ಟು ಬರಲು ತಾಯಿಗೆ ಆಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟಿನವರು ಆಗ ಊರಿಗೆ ಹೋಗುತ್ತಾರೆ, ಆಗಸ್ಟ್‌ನಲ್ಲಿ ಇದೇ ಬಂದರಿಗೆ ಮರಳುತ್ತಾರೆಂಬ ಖಾತರಿಯಿಲ್ಲ. ಆದ್ದರಿಂದ ಒಂದೇ ಭೇಟಿಯಲ್ಲಿ ಕೆಲಸ ಸಾಗುವ ವಿಧಾನವನ್ನೇ ಕೇಳಿ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಕೊರೆಯದೆ, ಚುಚ್ಚುಮದ್ದಿಲ್ಲದೆ ಹುಳುಕಿಗೆ ಹಚ್ಚಿದರೆ ಬಹಳಷ್ಟು ಹಲ್ಲುಗಳಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಆರು ತಿಂಗಳ ನಂತರ ಮತ್ತೊಮ್ಮೆ ಹಚ್ಚಿಸಿದರೆ ಒಳ್ಳೆಯದು, ಅದನ್ನು ಯಾವ ಊರಿನ ದಂತವೈದ್ಯರಾದರೂ ಮಾಡಬಹುದು. ಕೈ ಉಪಕರಣದಿಂದಲೇ ಹುಳುಕು ಕೆರೆದು ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬುವ ಪದ್ಧತಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಈ ಎರಡನ್ನೂ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಒಂದು ಎಚ್ಚರಿಕೆ ಮಾತ್ರ: ದ್ರವ ಹಚ್ಚಿದ ಹುಳುಕು ಕಡುಕಪ್ಪಾಗುತ್ತದೆ. ಇದನ್ನು ತಾಯಿಗೆ ಅವರ ಭಾಷೆಯಲ್ಲಿ ಮೊದಲೇ ತಿಳಿಸದಿದ್ದರೆ, ಡಾಕ್ಟರು ಹಲ್ಲು ಕೆಡಿಸಿದರೆಂದು ಅವರು ಇನ್ನೆಂದೂ ಆಸ್ಪತ್ರೆಯ ಮೆಟ್ಟಿಲು ಹತ್ತಲಿಕ್ಕಿಲ್ಲ.

ವಸಡಿನ ಮೇಲೆ ಕೀವಿನ ಗುಳ್ಳೆ, ಕೆನ್ನೆಯಲ್ಲಿ ಊತ ಅಥವಾ ಜ್ವರವಿದ್ದರೆ ಅದೇ ದಿನ ಜಿಲ್ಲಾಸ್ಪತ್ರೆಗೆ ಕಳಿಸಿ. ಮೆಡಿಕಲ್ ಶಾಪಿನ ಮಾತ್ರೆಯಿಂದ ಊತ ಇಳಿದರೂ ಸೋಂಕಿನ ಬೇರು ಹಲ್ಲಿನೊಳಗೇ ಉಳಿದಿರುತ್ತದೆ.

ಶಾಲೆಯಲ್ಲಿ ಬಿಸಿಯೂಟದ ನಂತರ ಎಲ್ಲ ಮಕ್ಕಳಿಂದಲೂ ಬ್ರಶ್ ಮಾಡಿಸಿ. ವಲಸೆ ಬಂದವರನ್ನಷ್ಟೇ ಬೇರೆ ಸಾಲಿನಲ್ಲಿ ನಿಲ್ಲಿಸಬೇಡಿ. ಪೇಸ್ಟಿನಲ್ಲಿ ಕನಿಷ್ಠ 1000 ಪಿಪಿಎಂ ಫ್ಲೋರೈಡ್ ಇರಲಿ, ಬಟಾಣಿ ಕಾಳಿನಷ್ಟು ಸಾಕು. ಉಗುಳಿದ ಮೇಲೆ ನೀರಿನಿಂದ ಪದೇ ಪದೇ ಮುಕ್ಕಳಿಸಿದರೆ ಫ್ಲೋರೈಡೆಲ್ಲ ತೊಳೆದುಹೋಗುತ್ತದೆ. ಹದಿನೆಂಟು ವರ್ಷದವರೆಗಿನ ಮಕ್ಕಳಿಗಾಗಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹುಳುಕು ಹಲ್ಲೂ ಸೇರಿದೆ. ಅದರ ತಂಡ ಶಾಲೆಗೆ ಬರುವುದು ವರ್ಷಕ್ಕೊಮ್ಮೆ. ಆ ದಿನ ಹುಡುಗ ತಪ್ಪದೆ ಹಾಜರಿರುವಂತೆ ನೋಡಿಕೊಳ್ಳಿ. ಯಾವ ಹಲ್ಲಿಗೆ ಏನಾಯಿತು, ಯಾವ ತಿಂಗಳು ಎಂಬ ಚೀಟಿಯೊಂದನ್ನು ವೈದ್ಯರಿಂದ ಬರೆಸಿ ತಾಯಿಯ ಕೈಗೆ ಕೊಡಿಸಿದರೆ ಮುಂದಿನ ಊರಿನವರು ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.

ಪ್ರಶ್ನೆ: ನಿರಾಶ್ರಿತರ ಮಕ್ಕಳ ಹಲ್ಲುಗಳು ಹುಟ್ಟಿನಿಂದಲೇ ದುರ್ಬಲವಾಗಿರುತ್ತವೆಯೇ? ನಮ್ಮ ಮುಂಡಗೋಡದ ಟಿಬೆಟಿಯನ್ ಕ್ಯಾಂಪನ್ನು ನೋಡಿ ಈ ಸಂಶಯ ಬಂದಿತು.
– ಓದುಗರೊಬ್ಬರು, ಮುಂಡಗೋಡ

ಉತ್ತರ: ಇಲ್ಲ. ನೆಲೆ ತಪ್ಪಿದವರ ಹಲ್ಲನ್ನು ಕೆಡಿಸುವುದು ರಕ್ತವಲ್ಲ. ಬದಲಾದ ಊಟ ಮತ್ತು ಕೈಗೆಟುಕದ ವೈದ್ಯರು. ಟಿಬೆಟಿಯನ್ನರ ಸಾಂಪ್ರದಾಯಿಕ ಬೆಣ್ಣೆ ಚಹಾಕ್ಕೆ ಬೀಳುವುದು ಉಪ್ಪು, ಅದರ ಜಾಗಕ್ಕೆ ಸಕ್ಕರೆಯ ಚಹಾ, ಬಿಸ್ಕತ್ತು, ಬಾಟಲಿಯ ಪಾನೀಯ ಬಂದರೆ ಯಾವ ಜನಾಂಗದ ಹಲ್ಲೂ ತಡೆಯದು. ಮೇಲಾಗಿ, ಮುಂಡಗೋಡದ ವಸತಿ 1966ರಷ್ಟು ಹಳೆಯದು. ಈಗಿನ ಮಕ್ಕಳಲ್ಲಿ ಬಹುತೇಕರು ಇಲ್ಲಿಯೇ ಹುಟ್ಟಿದವರು, ನಿಮ್ಮ ಮಕ್ಕಳು ಹೋಗುವ ಅಂಗಡಿಗಳಿಗೇ ಹೋಗುವವರು. ಅವರಿಗೆ ಬೇಕಾದದ್ದೂ ಅದೇ: ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಪೇಸ್ಟ್, ಅದಾದ ಮೇಲೆ ನೀರಲ್ಲದೆ ಬೇರೇನೂ ಇಲ್ಲ.