ಇಂಗ್ಲೆಂಡಿಗೆ ನರ್ಸ್ ಆಗಿ ಕಳಿಸುವ ಏಜೆನ್ಸಿ ಮೂರು ವರ್ಷದ ಬಾಂಡ್ ಕೇಳುತ್ತಿದೆ, ಸಹಿ ಹಾಕಲಾ?

ಇಂಗ್ಲೆಂಡಿನ ಒಂದು ಆಸ್ಪತ್ರೆಗೆ ಇಂಟರ್‌ವ್ಯೂ ಆಗಿದೆ, ಈಗ ಏಜೆನ್ಸಿಯವರು ಪ್ರೋಸೆಸಿಂಗ್ ಫೀ ಕಟ್ಟಿ, ಒರಿಜಿನಲ್ ಸರ್ಟಿಫಿಕೇಟ್ ಕೊಡಿ, ಎರಡು ದಿನದಲ್ಲಿ ಬಾಂಡ್‌ಗೆ ಸಹಿ ಹಾಕಿ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ನಾನೂ ಏಜೆನ್ಸಿ ಮೂಲಕವೇ 2021ರಲ್ಲಿ ಇಲ್ಲಿಗೆ ಬಂದವಳು. ಹಾಗಾಗಿ ಏಜೆನ್ಸಿ ಅಂದರೆ ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ಅವರು ಕೇಳಿದ ಮೂರರಲ್ಲಿ ಮೊದಲ ಎರಡನ್ನು ಕೊಡಲೇಬೇಡಿ. ಮೂರನೆಯದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಮೊದಲು ಫೀ ವಿಷಯ. ಕೆಲಸ ಹುಡುಕಿಕೊಟ್ಟಿದ್ದಕ್ಕೆ ಕೆಲಸಗಾರರ ಹತ್ತಿರ ಹಣ ತೆಗೆದುಕೊಳ್ಳಬಾರದು ಅಂತ ಬ್ರಿಟನ್‌ನಲ್ಲಿ 1973ರಿಂದಲೇ ಕಾನೂನಿದೆ. ಏಜೆನ್ಸಿಗೆ ಹಣ ಕೊಡುವುದು ಆಸ್ಪತ್ರೆ. ಹೊರದೇಶದಿಂದ ನರ್ಸ್‌ಗಳನ್ನು ಕರೆಸುವುದಕ್ಕೆ ಬ್ರಿಟನ್ ಸರ್ಕಾರದ ನೀತಿಸಂಹಿತೆ ಬೇರೆ ಇದೆ, ಅದೂ ಇದನ್ನೇ ಹೇಳುತ್ತದೆ. ಆ ಸಂಹಿತೆ ಪಾಲಿಸುವ ಏಜೆನ್ಸಿಗಳ ಪಟ್ಟಿಯನ್ನು ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯ ಮಾಲೀಕರ ಸಂಸ್ಥೆಯಾದ ಎನ್‌ಎಚ್‌ಎಸ್ ಎಂಪ್ಲಾಯರ್ಸ್ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ. ನಿಮ್ಮ ಏಜೆನ್ಸಿ ಹೆಸರು ಅದರಲ್ಲಿ ಇದೆಯಾ ಅಂತ ಇವತ್ತೇ ನೋಡಿ. ಎಷ್ಟೋ ಸಲ ಪಟ್ಟಿಯಲ್ಲಿರುವ ಏಜೆನ್ಸಿಯ ಹೆಸರು ಹೇಳಿಕೊಂಡು ನಡುವಿನ ಸಬ್ ಏಜೆಂಟ್ ಹಣ ಕೇಳುತ್ತಾನೆ. ಹಾಗಾಗಿದ್ದರೆ ಮೇಲಿನ ಏಜೆನ್ಸಿಗೇ ನೇರವಾಗಿ ಮೇಲ್ ಹಾಕಿ ಕೇಳಿ. ಐಇಎಲ್‌ಟಿಎಸ್ ಅಥವಾ ಒಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆಯ ಹಣ, ನರ್ಸ್‌ಗಳನ್ನು ನೋಂದಾಯಿಸುವ ಬ್ರಿಟನ್‌ನ ಕೌನ್ಸಿಲ್ ಆದ ಎನ್‌ಎಂಸಿಯ ಅರ್ಜಿ ಶುಲ್ಕ, ಇವು ಬೇರೆ. ಅವನ್ನು ನೀವೇ ಆಯಾ ಸಂಸ್ಥೆಗೆ ಕಟ್ಟುತ್ತೀರಿ, ರಸೀದಿ ನಿಮ್ಮ ಹೆಸರಿಗೇ ಬರುತ್ತದೆ.

ಸರ್ಟಿಫಿಕೇಟ್‌ಗಳದ್ದು ಇನ್ನೂ ಸರಳ. ಏಜೆನ್ಸಿಗೆ ಸ್ಕ್ಯಾನ್ ಸಾಕು. ಒರಿಜಿನಲ್ ತೋರಿಸಬಹುದು, ಕೊಟ್ಟು ಬರಬಾರದು.

ಈಗ ಬಾಂಡ್. ನನ್ನ ಆಫರ್ ಲೆಟರ್ ಬಂದಾಗ ನಾನು ನೋಡಿದ್ದು ಸಂಬಳ ಮಾತ್ರ. ನಾನಷ್ಟೇ ಅಲ್ಲ, ನನ್ನ ಜೊತೆ ಬಂದ ಎಲ್ಲರೂ ಹಾಗೇ ಮಾಡಿದ್ದೆವು. ಮೂರು ವರ್ಷದೊಳಗೆ ಬಿಟ್ಟರೆ ‘ನೇಮಕಾತಿಯ ಎಲ್ಲ ಖರ್ಚು’ ವಾಪಸ್ ಕೊಡಬೇಕು ಅಂತ ಒಂದು ಸಾಲಿತ್ತು. ಎಲ್ಲ ಖರ್ಚು ಅಂದರೆ ಎಷ್ಟು ಅಂತ ಯಾರೂ ಕೇಳಲಿಲ್ಲ. ನಾವ್ಯಾಕೆ ಬಿಡ್ತೀವಿ ಅನ್ನುವ ಧೈರ್ಯ.

ಹದಿನಾಲ್ಕು ತಿಂಗಳಾದ ಮೇಲೆ ಅಮ್ಮನಿಗೆ ಸ್ಟ್ರೋಕ್ ಆಯಿತು. ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಆಸ್ಪತ್ರೆ ಎರಡು ವಾರದ ರಜೆ ಕೊಟ್ಟಿತು, ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ರಾಜೀನಾಮೆ ಕೊಟ್ಟೆ. ನಾಲ್ಕನೇ ದಿನಕ್ಕೆ ಎಚ್‌ಆರ್‌ನಿಂದ ಪತ್ರ ಬಂತು, 8,200 ಪೌಂಡ್ ಕಟ್ಟಬೇಕು ಅಂತ. ಆ ಪತ್ರ ಹಿಡಿದುಕೊಂಡು ವಾರ್ಡಿನ ಲಿನನ್ ರೂಮಿನಲ್ಲಿ ಕೂತು ಅತ್ತಿದ್ದು ಇವತ್ತಿಗೂ ನೆನಪಿದೆ. ಅಮ್ಮನ ಹತ್ತಿರ ಹೋಗುವುದಕ್ಕೂ ಸಾಲ ಮಾಡಬೇಕಾ ಅನ್ನಿಸಿತ್ತು.

ಅದೃಷ್ಟಕ್ಕೆ ನಾನು ನರ್ಸ್‌ಗಳ ಯೂನಿಯನ್ ಆದ ಆರ್‌ಸಿಎನ್ ಸದಸ್ಯೆಯಾಗಿದ್ದೆ. ಅಲ್ಲಿಯ ಪ್ರತಿನಿಧಿ ಮೊದಲು ಮಾಡಿದ ಕೆಲಸ ಒಂದೇ, ಲೆಕ್ಕ ಬಿಡಿಸಿ ಕೊಡಿ ಅಂತ ಆಸ್ಪತ್ರೆಗೆ ಬರೆದದ್ದು. ಬಿಡಿಸಿದಾಗ ಅದರಲ್ಲಿ 3,000 ಪೌಂಡ್ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಇತ್ತು. ಹೊರದೇಶದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮಾಲೀಕರು ಸರ್ಕಾರಕ್ಕೆ ಕಟ್ಟುವ ಶುಲ್ಕ ಅದು, ಆಗ ವರ್ಷಕ್ಕೆ 1,000 ಪೌಂಡ್. ಅದನ್ನು ಕೆಲಸಗಾರರಿಂದ ವಸೂಲಿ ಮಾಡುವ ಹಾಗೇ ಇಲ್ಲ. ಅದು ಹೋಯಿತು. ಉಳಿದದ್ದು 5,200. ವಿಮಾನದ ಟಿಕೆಟ್, ವೀಸಾ, ಎನ್‌ಎಂಸಿಯ ಪ್ರಾಕ್ಟಿಕಲ್ ಪರೀಕ್ಷೆಯಾದ ಓಸ್ಕಿ, ತರಬೇತಿ, ಮೊದಲ ಮೂರು ತಿಂಗಳ ವಸತಿ. 36 ತಿಂಗಳಲ್ಲಿ 14 ತಿಂಗಳು ದುಡಿದಿದ್ದಾಳಲ್ಲ, ಉಳಿದ 22 ತಿಂಗಳಿಗೆ ಮಾತ್ರ ಲೆಕ್ಕ ಹಾಕಿ ಅಂತ ಪ್ರತಿನಿಧಿ ಪಟ್ಟು ಹಿಡಿದರು. 3,177 ಪೌಂಡ್‌ಗೆ ಬಂದು ನಿಂತಿತು. ಕಂತಿನಲ್ಲಿ ಕಟ್ಟಿ ಮುಗಿಸಿದೆ.

ಅದಕ್ಕೇ ಹೇಳುವುದು, ಹೋಗುವುದಕ್ಕೆ ಎಷ್ಟು ಖರ್ಚು ಅಂತ ಕೇಳುವುದರ ಜೊತೆಗೆ ಬಿಟ್ಟು ಬರುವುದಕ್ಕೆ ಎಷ್ಟು ಅಂತಲೂ ಕೇಳಿ. ನಿಮ್ಮ ಬಾಂಡ್‌ನಲ್ಲಿ ಮೊತ್ತ ಅಂಕಿಯಲ್ಲಿ ಇರಬೇಕು, ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಇರಬೇಕು. ಕೆಲಸ ಮಾಡಿದ ಪ್ರತಿ ತಿಂಗಳಿಗೂ ಅದು ಇಳಿಯುತ್ತಾ ಹೋಗಬೇಕು. ಮನೆಯಲ್ಲಿ ಕಾಯಿಲೆ, ಸಾವು, ಕೆಲಸದಲ್ಲಿ ಕಿರುಕುಳ, ಇಂಥ ಸಂದರ್ಭದಲ್ಲಿ ಏನು ಅಂತ ಬರೆದಿರಬೇಕು. ಈಗಿನ ನೀತಿಸಂಹಿತೆಯಲ್ಲೂ ಇದೇ ಧಾಟಿಯ ಮಾತಿದೆ. ಹೀಗಿದ್ದರೆ ಬಾಂಡ್ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ, ಆಸ್ಪತ್ರೆಯೂ ನಿಮ್ಮ ಮೇಲೆ ಖರ್ಚು ಮಾಡಿರುತ್ತದೆ ಅಲ್ವಾ. ಆದರೆ ಖರ್ಚಿಗೆ ಸಂಬಂಧವೇ ಇಲ್ಲದ ದೊಡ್ಡ ದಂಡ ಹಾಕಿ ಹೆದರಿಸುವುದು ಬೇರೆ ಮಾತು. ಅಮೆರಿಕದಲ್ಲಿ ಫಿಲಿಪೀನ್ಸ್‌ನ ನರ್ಸ್‌ಗಳು ಅಂಥ 25,000 ಡಾಲರ್ ದಂಡದ ವಿರುದ್ಧ ಕೋರ್ಟಿಗೆ ಹೋದರು. ಆ ಷರತ್ತು ನಡೆಯುವುದಿಲ್ಲ ಅಂತ 2019ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್ ತೀರ್ಪು ಕೊಟ್ಟಿತು.

ಓಸ್ಕಿ ಬಗ್ಗೆಯೂ ಕೇಳಿಕೊಳ್ಳಿ. ಎನ್‌ಎಂಸಿಯ ಕಂಪ್ಯೂಟರ್ ಪರೀಕ್ಷೆಯನ್ನು ಹೊರಡುವ ಮೊದಲೇ ಬರೆಯಬಹುದು, ಇದನ್ನು ಮಾತ್ರ ಇಲ್ಲಿಗೆ ಬಂದೇ ಕೊಡಬೇಕು. ಹತ್ತು ಸ್ಟೇಷನ್, ಅಂದರೆ ಹತ್ತು ಬೇರೆಬೇರೆ ಭಾಗ ಇರುತ್ತವೆ. ಒಂದು ಅರ್ಜಿಗೆ ಮೂರು ಸಲ ಅವಕಾಶ. ನಾನು ಕೊಟ್ಟಾಗ ಒಂದು ಸಲಕ್ಕೆ 794 ಪೌಂಡ್ ಇತ್ತು. ಎರಡನೇ ಸಲದ ಹಣ ಯಾರದ್ದು? ಮೂರು ಸಲವೂ ಪಾಸ್ ಆಗದಿದ್ದರೆ ಬಾಂಡ್ ಏನಾಗುತ್ತದೆ? ನನ್ನ ಬ್ಯಾಚ್‌ನಲ್ಲಿ ಒಳ್ಳೆಯ ಅನುಭವ ಇದ್ದವರೇ ಮೊದಲ ಸಲ ಫೇಲ್ ಆದರು. ಎನ್‌ಎಂಸಿ ಪಿನ್, ಅಂದರೆ ನರ್ಸ್ ಅಂತ ನೋಂದಣಿ ಸಂಖ್ಯೆ, ಸಿಗುವವರೆಗೆ ಸಾಮಾನ್ಯವಾಗಿ ಕೆಳಗಿನ ದರ್ಜೆಯ (ಬ್ಯಾಂಡ್‌ನ) ಸಂಬಳ ಕೊಡುತ್ತಾರೆ. ಆಫರ್ ಲೆಟರ್‌ನಲ್ಲಿರುವ ಅಂಕಿ ಪಿನ್ ಬಂದ ಮೇಲಿನದ್ದಾ, ಮೊದಲಿನದ್ದಾ, ಅದನ್ನೂ ಕೇಳಿ.

‘ಮೊದಲು ಕೇರರ್ ಆಗಿ ಹೋಗಿ, ಆಮೇಲೆ ನರ್ಸ್ ಆಗಬಹುದು’ ಅಂತ ಮಾತು ತಿರುಗಿಸಿದರೆ ಅಲ್ಲಿಗೇ ಬಿಟ್ಟುಬಿಡಿ. 2025ರ ಜುಲೈ 22ರಿಂದ ಕೇರ್ ವರ್ಕರ್‌ಗಳನ್ನು ಹೊರದೇಶದಿಂದ ಹೊಸದಾಗಿ ಕರೆಸುವುದನ್ನು ಬ್ರಿಟನ್ ನಿಲ್ಲಿಸಿದೆ.

ವೀಸಾ ಕೂಡ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಬಿಟ್ಟರೆ ಸಾಮಾನ್ಯವಾಗಿ 60 ದಿನದ ಗಡುವು ಕೊಡುತ್ತಾರೆ, ಅಷ್ಟರಲ್ಲಿ ಬೇರೆ ಸ್ಪಾನ್ಸರ್, ಅಂದರೆ ವೀಸಾ ಕೊಡಿಸುವ ಬೇರೆ ಮಾಲೀಕರು, ಸಿಗಬೇಕು. ಆದರೆ ಪಿನ್ ನಿಮ್ಮದು, ಆಸ್ಪತ್ರೆಯದ್ದಲ್ಲ. ಅಮ್ಮ ಚೇತರಿಸಿಕೊಂಡ ಮೇಲೆ ನಾನು ಏಜೆನ್ಸಿ ಇಲ್ಲದೆಯೇ ಬೇರೆ ಆಸ್ಪತ್ರೆಗೆ ಅರ್ಜಿ ಹಾಕಿ ವಾಪಸ್ ಬಂದೆ. ಪಿನ್ ಇದ್ದದ್ದರಿಂದ ಓಸ್ಕಿ ಮತ್ತೆ ಕೊಡಬೇಕಾಗಲಿಲ್ಲ.

ಎರಡು ದಿನದ ಗಡುವಿಗೆ ಹೆದರಬೇಡಿ. ಇವತ್ತು ರಾತ್ರಿಯೇ ಈ ಪ್ರಶ್ನೆಗಳನ್ನೆಲ್ಲ ಮೇಲ್‌ನಲ್ಲಿ ಕಳಿಸಿ. ಫೋನ್ ಮಾಡಿ ಸಮಾಧಾನ ಹೇಳಿದರೆ, ಅದನ್ನೇ ಬರೆದು ಕಳಿಸಿ ಅನ್ನಿ. ಹಾಗೆಯೇ ಆಸ್ಪತ್ರೆಯ ನೇಮಕಾತಿ ವಿಭಾಗಕ್ಕೂ ಬರೆದು, ಈ ಬಾಂಡ್ ನಿಮ್ಮದೇನಾ ಅಂತ ಕೇಳಿ. ಆ ಇಮೇಲ್ ವಿಳಾಸವನ್ನು ಮಾತ್ರ ಏಜೆಂಟರ ಹತ್ತಿರ ಇಸಿದುಕೊಳ್ಳಬೇಡಿ, ಆಸ್ಪತ್ರೆಯ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಿ.